ಕೊರಗಪ್ಪ ಮಾವ ಗಾಡಿ ಕಟ್ಟಿಸಿದ್ದು

ಸಿನಿಮಾದವರು ಶೂಟಿಂಗಿನಲ್ಲಿ ಬಣ್ಣ ಹಚ್ಚಿಕೊಳ್ಳಲು, ಮಲಗಲು ಬಳಸುವ ವ್ಯಾನಿಟಿ ವ್ಯಾನ್ ಕಟ್ಟುವುದು, ಹಳತಾದದ್ದನ್ನು ರಿಪೇರಿ ಮಾಡುವುದು ನನ್ನ ಕಸುಬು. ಅಂಧೇರಿ ಪೂರ್ವದಲ್ಲಿ ಒಂದು ತಗಡಿನ ಶೆಡ್ಡು, ಆರು ಜನ ಕೆಲಸದವರು, ಹದಿನೇಳು ವರ್ಷದ ಅನುಭವ. ಒಬ್ಬ ನಾಯಕಿಗೆ ಕಮೋಡಿನ ಬಣ್ಣ ಹಿಡಿಸಲಿಲ್ಲವೆಂದು ಮೂರು ಸಲ ಕಿತ್ತು ಮೂರು ಸಲ ಕೂರಿಸಿದ್ದೇನೆ. ಒಬ್ಬ ಖಳನಾಯಕನ ನಾಯಿಗೆ ಬೇರೆ ಎಸಿ ಹಾಕಿಕೊಟ್ಟಿದ್ದೇನೆ. ಇವರೆಲ್ಲ ನನ್ನ ತಲೆ ತಿಂದವರೇ. ಆದರೆ ನನ್ನ ಸೋದರಮಾವ ಕೊರಗಪ್ಪ ತಿಂದಷ್ಟು ಇನ್ಯಾರೂ ತಿಂದಿಲ್ಲ. ಅವರಿಗೆ ಅರವತ್ತೇಳು ವರ್ಷ, ನನಗೆ ನಲವತ್ತೆರಡು. ಬಿಪಿ ಮಾತ್ರೆ ನುಂಗುತ್ತಿರುವವನು ನಾನು.

ಮಾವ ಕಾಪು ಕಡೆಯಿಂದ ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಬಂದು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆ ಹೊಕ್ಕವರು, ಹೊರಗೆ ಬಂದದ್ದು ನಲವತ್ತೆಂಟು ವರ್ಷದ ಮೇಲೆ. ಮೊದಲು ತೊಳೆಯುವುದು, ಆಮೇಲೆ ರುಬ್ಬುವುದು, ಆಮೇಲೆ ದೋಸೆಕಲ್ಲು, ಕೊನೆಗೆ ಇಡೀ ಅಡುಗೆಮನೆಗೆ ಮಾಸ್ಟರ್. ಆ ಅಡುಗೆಮನೆಯಲ್ಲಿ ಮಾವನದೇ ಒಂದು ಕಾನೂನಿತ್ತು. ಹೋಟೆಲಿನ ಕಕ್ಕಸು ಕಟ್ಟಡದ ಹಿಂದೆ, ಅಂಗಳ ದಾಟಿ, ಮೂಲೆಯಲ್ಲಿ. ಅಲ್ಲಿಗೆ ಹೋಗಿ ಬಂದವನು ಕೈಕಾಲು ತೊಳೆದು, ಉಟ್ಟ ಪಂಚೆ ಬದಲಾಯಿಸಿ, ಮತ್ತೆ ಕಾಲು ತೊಳೆದೇ ಒಳಗೆ ಬರಬೇಕು. ಮಾಲೀಕರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಮಾಲೀಕರು ಅಡುಗೆಮನೆಯ ಗೋಡೆಗೆ ಹೊಂದಿಸಿ ಗಿರಾಕಿಗಳಿಗೆ ಟಾಯ್ಲೆಟ್ ಕಟ್ಟಿಸುತ್ತೇನೆ ಎಂದಾಗ ಮಾವ ಸೌಟು ಕೆಳಗಿಟ್ಟು ಮೂರು ದಿನ ವಿಕ್ರೋಳಿಯ ಮನೆಯಲ್ಲಿ ಕೂತರು. ನಾಲ್ಕನೆಯ ದಿನ ಮಾಲೀಕರು ಟ್ಯಾಕ್ಸಿ ಮಾಡಿಕೊಂಡು ಬಂದು ಕರೆದುಕೊಂಡು ಹೋದರು. ಟಾಯ್ಲೆಟ್ ಕಟ್ಟಲಿಲ್ಲ. ಈ ಕತೆಯನ್ನು ಮಾವ ನನಗೆ ಕಮ್ಮಿಯೆಂದರೆ ಇನ್ನೂರು ಸಲ ಹೇಳಿದ್ದಾರೆ. ಆಗ ನಾನೇ ಎಚ್ಚೆತ್ತುಕೊಳ್ಳಬೇಕಿತ್ತು.

ಅತ್ತೆಯ ವಿಷಯ ಬೇರೆ. ನೀಲಾವತಿ ಅತ್ತೆಗೆ ಐದು ವರ್ಷದ ಹಿಂದೆ ಗರ್ಭಕೋಶದ ಆಪರೇಶನ್ ಆಯಿತು. ಅಂದಿನಿಂದ ಅವರಿಗೆ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲೇಬೇಕು, ತಡೆದುಕೊಳ್ಳಲು ಆಗುವುದಿಲ್ಲ. ಮಾತ್ರೆ ಆಯಿತು, ಕಷಾಯ ಆಯಿತು, ವ್ಯಾಯಾಮ ಆಯಿತು, ಅದು ಹಾಗೆಯೇ ಉಳಿಯಿತು. ಅತ್ತೆ ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಮಾವ ಬೆಳಿಗ್ಗೆ ನಾಲ್ಕರ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿ. ಹೆಂಡತಿ ದಿನಕ್ಕೆ ಎಷ್ಟು ಸಲ ಏಳುತ್ತಾಳೆ ಎಂದು ನೋಡಿದವರಲ್ಲ. ರಿಟೈರ್ ಆದಮೇಲೂ ನೋಡಲಿಲ್ಲ, ಅದು ಅವರ ಗಂಡಸುತನದ ಭಾಗ್ಯ. ಅತ್ತೆ ಮೆಲ್ಲಗೆ ಹೊರಗೆ ಹೋಗುವುದನ್ನೇ ಬಿಟ್ಟರು. ಹೋಗಲೇಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ಹೊರಡುವ ಹೊತ್ತಿಗೆ ಮಾವ ತಾವೇ ಮಾಡಿದ ಚಹಾ ತಂದುಕೊಟ್ಟರೆ "ನನಗೆ ಬೇಡ" ಎಂದು ಲೋಟ ವಾಪಸು ಕೊಡುತ್ತಿದ್ದರು. ನಲವತ್ತೆಂಟು ವರ್ಷ ಗ್ರಾಂಟ್ ರೋಡಿನ ಜನ ಸಾಲುಗಟ್ಟಿ ಕುಡಿದ ಚಹಾ ತನ್ನ ಹೆಂಡತಿಗೆ ಮಾತ್ರ ಸೇರುವುದಿಲ್ಲ ಎಂದು ಮಾವ ನನ್ನ ಹತ್ತಿರ ಎಷ್ಟೋ ಸಲ ಬೇಜಾರು ಮಾಡಿಕೊಂಡದ್ದುಂಟು.

ನನಗೆ ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ. ಅತ್ತೆ ಮಾವನಿಗೆ ಮಕ್ಕಳಿಲ್ಲ. ಅತ್ತೆಯ ತಂಗಿಯ ಮಗಳು ನಿಖಿತಾ ಹತ್ತು ವರ್ಷ ವಿಕ್ರೋಳಿಯ ಅದೇ ಮನೆಯಲ್ಲಿ, ಅತ್ತೆಯ ಸೆರಗು ಹಿಡಿದುಕೊಂಡೇ ಬೆಳೆದವಳು. ಅವಳ ಮದುವೆ ಮೂಡುಬಿದಿರೆಯಲ್ಲಿ. ಮಾವನಿಗೆ ಎಂದಿನಂತೆ ರಜೆ ಇಲ್ಲ, ಮುಹೂರ್ತದ ದಿನ ಬರುತ್ತೇನೆ ಎಂದರು. ರೈಲಿನಲ್ಲಿ ಕಕ್ಕಸಿನ ಬಾಗಿಲ ಮುಂದೆ ಸರದಿ ನಿಲ್ಲಬೇಕೆಂದು ಅತ್ತೆ ವಿಮಾನಕ್ಕೆ ಒಪ್ಪಿದರು, ನಾನು ಜೊತೆಗೆ ಹೊರಟೆ. ಎಲ್ಲರೂ ಬೆಲ್ಟ್ ಕಟ್ಟಿ ಕೂತಮೇಲೆ ಮಳೆ ಸುರಿಯಿತು. ರನ್‌ವೇ ಪಕ್ಕ ವಿಮಾನ ಒಂದೂಕಾಲು ಗಂಟೆ ನಿಂತಿತು. ಅತ್ತೆ ಎರಡು ಸಲ ಎದ್ದರು, ಎರಡು ಸಲವೂ ಗಗನಸಖಿ ವಾಪಸು ಕೂರಿಸಿದಳು. ಮೂರನೆಯ ಸಲ ಅವರು ಏಳಲಿಲ್ಲ. ನನ್ನ ಮುಖ ನೋಡದೆ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ಕೊನೆಗೆ ವಿಮಾನ ಹಾರಲಿಲ್ಲ, ಎಲ್ಲರನ್ನೂ ಇಳಿಸಿದರು. ಅತ್ತೆ ನನ್ನ ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಬಂದರು. ಮರುದಿನದ ವಿಮಾನಕ್ಕೆ ಹೋಗಲಿಲ್ಲ. ನಿಖಿತಾಳ ಮದುವೆಯನ್ನು ಫೋನಿನಲ್ಲಿ ನೋಡಿದರು. "ಮಳೆಗೆ ವಿಮಾನ ಕ್ಯಾನ್ಸಲ್ ಆಯಿತು ಅಂತ ಮಾತ್ರ ಹೇಳು ಧನರಾಜ್, ಮಾವನಿಗೆ ಬೇರೆ ಎಂತದೂ ಬೇಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ನಾನೂ ಹಾಕಿದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಈ ವರ್ಷ ನಿಖಿತಾ ಬಸುರಿ. ಏಳನೆಯ ತಿಂಗಳಲ್ಲಿ ಸೀಮಂತ. "ದೊಡ್ಡಮ್ಮ, ಮದುವೆಗೆ ಬರಲಿಲ್ಲ. ಸೀಮಂತಕ್ಕೆ ನೀನು ಬಂದು ಹೂ ಮುಡಿಸದಿದ್ದರೆ ನಾನು ಮುಡಿಯುವುದೇ ಇಲ್ಲ" ಎಂದು ಫೋನಿನಲ್ಲಿ ಅತ್ತಳು. ಅತ್ತೆ ನನ್ನನ್ನು ಕರೆಸಿದರು. ಹಿಂದೊಮ್ಮೆ ಅವರ ಬಿಲ್ಡಿಂಗಿನ ಹತ್ತಿರ ಶೂಟಿಂಗ್ ಇದ್ದಾಗ ನನ್ನ ವ್ಯಾನಿನ ಒಳಗೆ ಬಂದು ನೋಡಿದ್ದರು. ಹಾಸಿಗೆ, ಸುತ್ತ ಬಲ್ಬುಗಳಿದ್ದ ಕನ್ನಡಿ ಯಾವುದನ್ನೂ ಅವರು ಗಮನಿಸಲಿಲ್ಲ. ಪುಟ್ಟ ಬಾತ್‌ರೂಮಿನ ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದು, ಹಿಡಿಕೆ ಹಿಡಿದುಕೊಂಡು ಒಂದು ಗಳಿಗೆ ನಿಂತಿದ್ದರು.

"ಅಂಥದ್ದೊಂದು ಗಾಡಿ ಸಿಕ್ಕಿದರೆ ನಾನು ಊರಿಗೆ ಹೋಗ್ತೇನೆ" ಎಂದರು ಅತ್ತೆ. ಅಷ್ಟೇ ಹೇಳಿದ್ದು.

ನನ್ನ ಶೆಡ್ಡಿನ ಹಿಂದೆ ಒಂದು ಹಳೆಯ ವ್ಯಾನಿಟಿ ವ್ಯಾನ್ ನಿಂತಿತ್ತು. ಎಂಜಿನ್ ಗಟ್ಟಿ, ಟಾಯ್ಲೆಟ್ ಗಟ್ಟಿ, ಕೆಳಗೆ ಟ್ಯಾಂಕ್, ಮೇಲೆ ನೀರು. ಹಾಸಿಗೆ ಸರಿಮಾಡಿ, ಕಿಟಕಿಗೆ ಪರದೆ ಹಾಕಿ, ಒಂದು ಸಣ್ಣ ಸ್ಟೌ ಇಟ್ಟರೆ ಇಬ್ಬರು ಆರಾಮವಾಗಿ ಮೂಡುಬಿದಿರೆ ಮುಟ್ಟಬಹುದು. ವೆಲ್ಡಿಂಗಿನ ಖಂಡಪ್ಪನಿಗೆ ಕೆಲಸ ಹೇಳಿಕೊಟ್ಟು ನಾನು ಒಂದು ಶೂಟಿಂಗಿನ ಮೇಲೆ ಎಂಟು ದಿನ ಸಾತಾರಾ ಕಡೆ ಹೋದೆ. ಹೋಗುವಾಗ ಮಾವನಿಗೆ, "ಬೇಕಾದರೆ ಬಂದು ನೋಡಿ ಮಾವ, ಅತ್ತೆಗೆ ಏನು ಅನುಕೂಲ ಬೇಕೋ ಖಂಡಪ್ಪನಿಗೆ ಹೇಳಿ" ಎಂದೆ. ನಾಲಿಗೆ ಕಚ್ಚಿಕೊಳ್ಳಬೇಕಾದ ಮಾತುಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಎಂಟು ದಿನ ಬಿಟ್ಟು ಶನಿವಾರ ಬೆಳಿಗ್ಗೆ ಬಂದು ವ್ಯಾನಿನ ಬಾಗಿಲು ತೆಗೆದೆ. ಟಾಯ್ಲೆಟ್ ಇರಲಿಲ್ಲ. ಇದ್ದ ಜಾಗದಲ್ಲಿ ಸ್ಟೀಲಿನ ಕಟ್ಟೆ, ಎರಡು ಒಲೆ, ಮೇಲೆ ಹೊಗೆ ಎಳೆಯುವ ಫ್ಯಾನು, ಪಕ್ಕದಲ್ಲಿ ಐದು ಲೀಟರಿನ ಗ್ರೈಂಡರು, ಗೋಡೆಗೆ ಕೊಕ್ಕೆ ಹಾಕಿ ಏಳು ಸೌಟು. ಹಿಂದೆ ಅಕ್ಕಿ ಚೀಲ ಇಡಲು ಹಾಸಿಗೆಯನ್ನು ಒಂಬತ್ತು ಇಂಚು ಕತ್ತರಿಸಿದ್ದರು. ಇಬ್ಬರ ಪ್ರಯಾಣಕ್ಕೆ ಇಪ್ಪತ್ತನಾಲ್ಕು ತಟ್ಟೆ. ಕಟ್ಟೆಯ ನಡುವೆ, ದೇವರನ್ನು ಕೂರಿಸಿದ ಹಾಗೆ, ಮಾವನ ಇಡ್ಲಿ ಹಿಟ್ಟಿನ ಟೋಪು. ಮಾವ ರಿಟೈರ್ ಆಗುವಾಗ ಹೋಟೆಲಿನವರು 'ಕೊರಗಪ್ಪ ಮಾಸ್ಟರ್' ಎಂದು ಹೆಸರು ಕೊರೆಸಿ ಕೊಟ್ಟ ದಪ್ಪ ಸ್ಟೀಲಿನ ಪಾತ್ರೆ ಅದು. ಅದರಲ್ಲಿ ಬೇರೆ ಯಾರೂ ಹಿಟ್ಟು ಕಲಸುವಂತಿಲ್ಲ, ಅತ್ತೆ ಕೂಡ.

"ಖಂಡಪ್ಪಾ!" ಎಂದು ಕಿರುಚಿದೆ.

ಖಂಡಪ್ಪ ಕಲಬುರಗಿ ಕಡೆಯವನು, ಎಂಥಾ ಗಲಾಟೆಗೂ ಬೆದರುವವನಲ್ಲ. "ನನಗ ಬೈಬ್ಯಾಡ್ರಿ ಮಾಲಕರ. ನೀವ ಹೇಳೀರಿ ಅಂದ್ರು ಮಾವನೋರು. ಆರು ದಿನ ಇಲ್ಲೇ ಸ್ಟೂಲ್ ಹಾಕ್ಕೊಂಡ ಕುಂತಿದ್ರು. ಸಂಡಾಸ ಕಿತ್ತ ದಿನ ಖುಷಿಯಾಗಿ ನಮಗೆಲ್ಲ ಉಪ್ಪಿಟ್ಟು ಮಾಡಿ ಹಾಕಿದ್ರರಿ. ಏನ್ ಉಪ್ಪಿಟ್ರೀ ಅದು!"

ಅಷ್ಟರಲ್ಲಿ ಮಾವನೇ ಬಂದರು. ನಾವು ಮನೆಯಲ್ಲಿ ಆಡುವುದು ತುಳು. ಆದರೆ ಶೆಡ್ಡಿನಲ್ಲಿ ಖಂಡಪ್ಪನಿಗೂ ಅರ್ಥವಾಗಲಿ ಎಂದು ಮಾವ ಕನ್ನಡದಲ್ಲೇ ಜಗಳ ಮಾಡುತ್ತಾರೆ.

"ಒಲೆ ಇರುವಲ್ಲಿ ಕಕ್ಕಸು ಇಡ್ಲಿಕ್ಕೆ ಆಗ್ತದಾ ಮಾರಾಯ? ನಡುವೆ ಒಂದು ಹಲಗೆ. ಆಚೆ ಅದು, ಈಚೆ ಇಡ್ಲಿ. ನಿನಗೆ ಹೇಸಿಗೆ ಆಗುದಿಲ್ವಾ?"

"ಅಡುಗೆ ಬೇಡ ಮಾವ. ದಾರಿಯಲ್ಲಿ ಹೋಟೆಲಿದೆ."

"ಹೋಟೆಲಿನ ಒಳಗೆ ಎಂತ ಮಾಡ್ತಾರೆ ಅಂತ ನನಗೆ ಹೇಳಬೇಡ! ನಲವತ್ತೆಂಟು ವರ್ಷ ಒಳಗೆ ಇದ್ದವನು ನಾನು. ನೀಲಾ ಮುಂಬಯಿ ಬಿಟ್ಟು ಹೊರಡುದು ಎಷ್ಟು ವರ್ಷದ ನಂತರ, ಗೊತ್ತುಂಟಾ? ಅವಳಿಗೆ ಹೈವೇಯ ಎಣ್ಣೆ ತಿನ್ನಿಸ್ಲಿಕ್ಕೆ ನಾನು ತಯಾರಿಲ್ಲ. ಕಕ್ಕಸು ಎಲ್ಲ ಪೆಟ್ರೋಲ್ ಪಂಪಿನಲ್ಲಿ ಉಂಟು."

"ಹೆಂಗಸರಿಗೆ ಪಂಪಿನಲ್ಲಿ ಕಷ್ಟ ಆಗುತ್ತದೆ ಮಾವ."

"ಅವಳಿಗೆ ಎಂತದೂ ಕಷ್ಟ ಇಲ್ಲ. ನಾನು ಕೇಳಿದ್ದೇನೆ. ಎಂತದೂ ಇಲ್ಲ ಅಂದಿದ್ದಾಳೆ."

ನನ್ನದು ಆಣೆ ಹಾಕಿದ ಬಾಯಿ. ನಲವತ್ತು ವರ್ಷ ಸಂಸಾರ ಮಾಡಿದ ಇಬ್ಬರು, ಒಬ್ಬರಿಗೆ ಹೇಳಲು ನಾಚಿಕೆ, ಇನ್ನೊಬ್ಬರಿಗೆ ನೋಡಲು ಕಣ್ಣಿಲ್ಲ, ನಡುವೆ ನಾನು ಶೆಡ್ಡಿನಲ್ಲಿ ನಿಂತು ಕೈ ಹಿಸುಕಿಕೊಳ್ಳುವುದು. ಸೀಮಂತಕ್ಕೆ ಹದಿನಾಲ್ಕು ದಿನ ಉಳಿದಿತ್ತು. ಮರುದಿನ ಭಾನುವಾರ ಪನ್ವೇಲ್‌ವರೆಗೆ ಹೋಗಿಬಂದು ಗಾಡಿ ಪರೀಕ್ಷಿಸುವುದೆಂದು ಮಾವ ಆಗಲೇ ಅತ್ತೆಗೆ ಹೇಳಿಬಿಟ್ಟಿದ್ದರು. ಗಾಡಿ ನೋಡಿದ ಕೂಡಲೇ ಅತ್ತೆಯೇ ಬೇಡ ಅನ್ನುತ್ತಾರೆ, ಆಗ ಮಾವನಿಗೆ ಬುದ್ಧಿ ಬರುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಹೇಡಿಯ ಲೆಕ್ಕ.

ಭಾನುವಾರ ಎಂಟಕ್ಕೆ ವಿಕ್ರೋಳಿಯಲ್ಲಿ ಅವರ ಬಿಲ್ಡಿಂಗಿನ ಮುಂದೆ ಗಾಡಿ ನಿಲ್ಲಿಸಿದೆ. ಅತ್ತೆ ಅಂಚಿಗೆ ಜರಿ ಇದ್ದ ಹಸಿರು ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಮುಡಿದು ಇಳಿದು ಬಂದರು. ಮೆಟ್ಟಿಲು ಹತ್ತಿ ಒಳಗೆ ಬಂದವರು ನೇರ ಆ ಬಾಗಿಲಿದ್ದ ಕಡೆ ನೋಡಿದರು. ಅಲ್ಲಿ ಮಾವ ಎದೆಯುಬ್ಬಿಸಿ ನಿಂತಿದ್ದರು, ಸೊಂಟಕ್ಕೆ ಬಿಳಿ ಟವೆಲು, ಕೈಯಲ್ಲಿ ಸೌಟು.

"ಹೇಗುಂಟು?" ಎಂದರು ಮಾವ. "ಎಲ್ಲ ನಿನಗೋಸ್ಕರ."

ಅತ್ತೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಈಗ ಬೇಡ ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಆ ಏಳು ಸೌಟುಗಳನ್ನೂ ಗಂಡನ ಮುಖವನ್ನೂ ನೋಡಿದರು. "ಚಂದ ಉಂಟು" ಎಂದು ಮೊಟಕಾದ ಹಾಸಿಗೆಯ ಮೇಲೆ ಕೂತರು. ಈ ಹೆಂಗಸರ ತಾಳ್ಮೆಯನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂದು ಅತ್ತೆ ಒಂದು ಮಾತು ಜೋರಾಗಿ ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಮಾವ ಚಹಾ ಮಾಡಿಕೊಟ್ಟರು. ಅತ್ತೆ ಬೇಡವೆಂದರು. ನೀರು ಕೊಟ್ಟರು, ಅದನ್ನೂ ಬೇಡವೆಂದರು. ಮಾವನ ಮುಖ ಸಣ್ಣದಾಯಿತು. ನಾನು ಗಾಡಿ ಎಬ್ಬಿಸಿದೆ.

ಘಾಟ್‌ಕೋಪರ್ ದಾಟುವವರೆಗೆ ಪರವಾಗಿರಲಿಲ್ಲ. ಮಾನ್‌ಖುರ್ದ್ ಹತ್ತಿರ ನಿಧಾನವಾಯಿತು. ವಾಶಿ ಸೇತುವೆಯ ಮೇಲೆ ಹತ್ತಿ ಅರ್ಧ ಹೋದೆವೋ ಇಲ್ಲವೋ, ಎಲ್ಲ ನಿಂತಿತು. ಮುಂದೆ ಎಲ್ಲೋ ಟ್ರಕ್ಕು ಮಗುಚಿದೆ ಎಂದು ಪಕ್ಕದ ಟ್ಯಾಕ್ಸಿಯವನು ಹೇಳಿದ. ಎಡಕ್ಕೆ ಬಸ್ಸು, ಬಲಕ್ಕೆ ಟ್ಯಾಂಕರು, ಕೆಳಗೆ ಖಾಡಿ, ಸಮುದ್ರದ ಹಿನ್ನೀರು. ಪಂಪು ಇಲ್ಲ, ಪೊದೆ ಇಲ್ಲ, ಹಿಂದೆ ತಿರುಗಲು ಜಾಗವಿಲ್ಲ. ಹಿಂದಿನ ಕಿಂಡಿಯಿಂದ ನೋಡಿದೆ. ಮಾವ ಖುಷಿಯಾಗಿ ದೋಸೆ ಹುಯ್ಯುತ್ತಿದ್ದರು. ನಿಂತ ಗಾಡಿಯಲ್ಲಿ ದೋಸೆ ಒಳ್ಳೆಯದಾಗಿ ಏಳುತ್ತದೆಯಂತೆ. ಅತ್ತೆ ಎರಡೂ ಕೈಯಲ್ಲಿ ಹಾಸಿಗೆಯ ಅಂಚು ಹಿಡಿದು, ಕಾಲು ಜೋಡಿಸಿ, ಕಣ್ಣು ಮುಚ್ಚಿ ಕೂತಿದ್ದರು. ವಿಮಾನದಲ್ಲಿ ಮುಚ್ಚಿದ ಹಾಗೆಯೇ.

ನನಗೆ ತಡೆಯಲಿಲ್ಲ. "ಮಾವ, ಅತ್ತೆಯನ್ನು ನೋಡಿ!" ಎಂದು ಕೂಗಿದೆ.

ಮಾವ ತಿರುಗಿದರು. "ಎಂತ ನೀಲಾ, ತಲೆ ತಿರುಗ್ತದಾ?"

"ನನಗೆ ಹೋಗಬೇಕು."

"ಎಲ್ಲಿಗೆ?"

"ಮೂತ್ರಕ್ಕೆ" ಎಂದರು ಅತ್ತೆ. ಗಂಡನ ಎದುರು ಆ ಮಾತನ್ನು ಅವರು ಆಡಿದ್ದು ಅದೇ ಮೊದಲಿರಬೇಕು.

"ಸ್ವಲ್ಪ ತಡ್ಕೋ. ಸೇತುವೆ ದಾಟಿದರೆ ಪಂಪ್ ಉಂಟು."

"ತಡ್ಕೊಳ್ಳಲಿಕ್ಕೆ ಆಗುದಿಲ್ಲ. ಐದು ವರ್ಷದಿಂದ ಆಗುದಿಲ್ಲ ನನಗೆ. ವಿಮಾನದಲ್ಲಿಯೂ ಆಗ್ಲಿಲ್ಲ. ಸೀಟಿನಲ್ಲೇ ಹೋಯಿತು. ಅದಕ್ಕೇ ನಾನು ನಿಖಿತಾಳ ಮದುವೆಗೆ ಹೋಗಲಿಲ್ಲ. ಧನರಾಜನ ಹತ್ತಿರ ಕೇಳಿ ಬೇಕಾದರೆ." ಅತ್ತೆ ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದರು. "ನಾನು ಈ ಗಾಡಿಯಲ್ಲಿ ಕೇಳಿದ್ದು ಒಂದೇ. ಅದನ್ನೇ ನೀವು ಕಿತ್ತು ಬಿಸಾಡಿದಿರಿ."

ದೋಸೆ ಕಾವಲಿಯ ಮೇಲೆ ಕರಟುತ್ತಿತ್ತು. ಮಾವ ಎಂದೂ ದೋಸೆ ಕರಟಿಸಿದವರಲ್ಲ. ಅವರು ನನ್ನ ಕಡೆ ನೋಡಿದರು. "ನಿನಗೆ ಗೊತ್ತಿತ್ತಾ?" ಎಂದರು. ಉತ್ತರಕ್ಕೆ ಕಾಯಲಿಲ್ಲ.

ಒಲೆ ಆರಿಸಿದರು. ಟೋಪನ್ನು ಎರಡೂ ಕೈಯಲ್ಲಿ ಎತ್ತಿ, ಒಳಗಿದ್ದ ಹಿಟ್ಟನ್ನೆಲ್ಲ ಸಿಂಕಿಗೆ ಸುರಿದರು. ಹಿಂದಿನ ದಿನ ರುಬ್ಬಿ ಹುದುಗಿಸಿದ ಹಿಟ್ಟು. ಡಬ್ಬಿಯ ನೀರಿನಿಂದ ಒಮ್ಮೆ ತೊಳೆದರು. ಒಲೆಯ ಕಟ್ಟೆಯ ಬುಡದಲ್ಲಿ, ಆ ಏಳು ಸೌಟುಗಳ ಕೆಳಗೆ ಅದನ್ನು ಇಟ್ಟು, ಅಲುಗಾಡದ ಹಾಗೆ ಎರಡೂ ಬದಿಗೆ ಅಕ್ಕಿ ಚೀಲ ಒತ್ತಿದರು. ಅತ್ತೆಯ ಮುಂಗೈ ಹಿಡಿದು ಎಬ್ಬಿಸಿದರು.

"ಇದರಲ್ಲಾ?" ಎಂದರು ಅತ್ತೆ.

"ಇದರಲ್ಲೇ" ಎಂದರು ಮಾವ. ಪರದೆಗಳನ್ನೆಲ್ಲ ಎಳೆದರು, ನನ್ನ ಕಿಂಡಿಯದನ್ನೂ.

ಆಮೇಲೆ ಬಾಗಿಲು ತೆಗೆದು ಸೇತುವೆಯ ಮೇಲೆ ಇಳಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಪಕ್ಕದ ಬಸ್ಸಿನ ಕಂಡಕ್ಟರ್ ಏನೋ ಕೇಳಿದ. ಮಾವ ಮರಾಠಿಯಲ್ಲಿ ಅವನಿಗೆ ಬೈದು ಆಚೆ ನೋಡು ಎಂದರು. ಬಿಸಿಲಿತ್ತು, ಟ್ಯಾಂಕರಿನ ಹೊಗೆ ನೇರ ಮುಖಕ್ಕೆ ಬರುತ್ತಿತ್ತು. ಸೊಂಟದ ಟವೆಲನ್ನು ತೆಗೆದು ಅವರು ಕಣ್ಣು ಒರೆಸಿಕೊಂಡರು. ಹೊಗೆಗೆ ಒರೆಸಿಕೊಂಡದ್ದಲ್ಲ ಎಂದು ನನಗೆ ಗೊತ್ತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ನಾಲ್ಕು ವರ್ಷದ ಹಿಂದೆ ನಾನು ಆಣೆ ಮುರಿದಿದ್ದರೆ ಅತ್ತೆ ಆ ಮದುವೆಯ ಮಂಟಪದಲ್ಲಿ ಇರುತ್ತಿದ್ದರು.

ಪನ್ವೇಲಿಗೆ ಹೋಗಲಿಲ್ಲ. ದಾರಿ ಬಿಟ್ಟಮೇಲೆ ವಾಶಿಯಲ್ಲಿ ತಿರುಗಿಸಿಕೊಂಡು ಬಂದೆವು. ಮಾವ ಟೋಪನ್ನು ತಾವೇ ತೊಳೆದರು, ನನಗೆ ಮುಟ್ಟಲು ಬಿಡಲಿಲ್ಲ. ವಿಕ್ರೋಳಿ ಬರುವವರೆಗೆ ಇಬ್ಬರೂ ಹಾಸಿಗೆಯ ಮೇಲೆ ಅಕ್ಕಪಕ್ಕ ಕೂತಿದ್ದರು. ಮಾವ ಒಂದೇ ಪ್ರಶ್ನೆ ಕೇಳಿದ್ದು ನನಗೆ ಕೇಳಿಸಿತು.

"ಅಂದರೆ ನೀನು ಬೇಡ ಅಂತಿದ್ದದ್ದು ನನ್ನ ಚಹಾ ಸೇರದೆ ಅಲ್ಲ, ಅಲ್ವಾ?"

ಅತ್ತೆ ಏನು ಹೇಳಿದರೋ ಕೇಳಿಸಲಿಲ್ಲ. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ.

ಸೋಮವಾರ ನಾನು ಶೆಡ್ಡು ತೆಗೆಯುವ ಮೊದಲೇ ಮಾವ ಅಲ್ಲಿದ್ದರು. ಖಂಡಪ್ಪನಿಗೆ ಗ್ರೈಂಡರು ಕೀಳಲು ಹೇಳಿದರು. ಎಂಥ ಚಂದದ ಕಟ್ಟೆ, ನಾನೇ ಕಟ್ಟಿದ್ದು ಎಂದು ಖಂಡಪ್ಪ ಗೊಣಗಿದ. "ಕಿತ್ತು ಹಾಕು ಮಾರಾಯ, ಭಾಷಣ ಬೇಡ" ಎಂದರು ಮಾವ. ಹೀಗೆ ಸುಧಾರಿಸಿದರೆಂದು ನೀವು ತಿಳಿದರೆ ಕೆಟ್ಟಿರಿ. ಮುಂದಿನ ಹತ್ತು ದಿನ ಅವರು ಟಾಯ್ಲೆಟ್ಟಿನ ವಿಷಯದಲ್ಲಿ ನನ್ನ ಜೀವ ಹಿಂಡಿದ್ದಕ್ಕೆ ಹೋಲಿಸಿದರೆ ಅಡುಗೆಮನೆ ಏನೂ ಅಲ್ಲ. ಹಿಡಿಕೆ ಎರಡು ಬೇಕು, ಅತ್ತೆಯ ಕೈ ಎಟುಕುವಲ್ಲಿ. ಕಮೋಡು ಎರಡು ಇಂಚು ಎತ್ತರ ಇರಬೇಕು. ಗಾಡಿ ತಿರುಗುವಾಗ ಬಾಗಿಲು ತೆರೆದುಕೊಳ್ಳಬಾರದು, ಒಳಗೆ ಚಿಲಕ ಸುಲಭ ಇರಬೇಕು. ತಾವೇ ಒಳಗೆ ಕೂತು, ನನಗೆ ಗಾಡಿ ಓಡಿಸಲು ಹೇಳಿ, ಮರೋಳದ ಗುಂಡಿಗಳ ಮೇಲೆ ಮೂರು ಸಲ ಪರೀಕ್ಷೆ ಮಾಡಿದರು. ಯಾವ ನಾಯಕಿಯೂ ನನಗೆ ಇಷ್ಟು ಕಾಟ ಕೊಟ್ಟದ್ದಿಲ್ಲ. ಹಾಸಿಗೆಗೆ ಆ ಒಂಬತ್ತು ಇಂಚು ವಾಪಸು ಬಂತು. ಒಲೆ ಒಂದೇ ಉಳಿಯಿತು, ಟಾಯ್ಲೆಟ್ಟಿನ ಗೋಡೆಗೆ ತಾಗಿಯೇ, ಯಾಕೆಂದರೆ ಬೇರೆ ಎಲ್ಲೂ ಜಾಗವಿರಲಿಲ್ಲ. "ಪರವಾಗಿಲ್ಲವಾ ಮಾವ?" ಎಂದು ನಾನು ಬೇಕೆಂದೇ ಕೇಳಿದೆ. ಅವರು ನನ್ನನ್ನು ನುಂಗುವ ಹಾಗೆ ನೋಡಿದರು.

ಟೋಪು ಟಾಯ್ಲೆಟ್ಟಿನ ಒಳಗೇ ಉಳಿಯಿತು, ನೀರು ತುಂಬಿಡಲು. ಬಾಗಿಲು ತೆಗೆದರೆ ಮೊದಲು ಕಾಣುವುದು 'ಕೊರಗಪ್ಪ ಮಾಸ್ಟರ್' ಎಂಬ ಹೆಸರು.

ಸೀಮಂತಕ್ಕೆ ಎರಡು ದಿನವಿರುವಾಗ ಬೆಳಿಗ್ಗೆ ಆರಕ್ಕೆ ಹೊರಟೆವು. ಅತ್ತೆ ಅದೇ ಹಸಿರು ಸೀರೆ ಉಟ್ಟಿದ್ದರು. ನಿಖಿತಾಳಿಗೆ ಮುಡಿಸುವ ಹೂವನ್ನು ಬಾಡದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಮಾವ ಚಹಾ ಮಾಡಿ ಎರಡು ಲೋಟ ತಂದರು. ಒಂದು ನನಗೆ ಕೊಟ್ಟರು. ಇನ್ನೊಂದನ್ನು ಹಿಡಿದುಕೊಂಡು ಅತ್ತೆಯ ಮುಂದೆ ಸುಮ್ಮನೆ ನಿಂತರು, ತಗೋ ಅನ್ನಲಿಲ್ಲ.

ಅತ್ತೆ ಆ ಪುಟ್ಟ ಬಾಗಿಲನ್ನು ಒಮ್ಮೆ ನೋಡಿದರು. ಲೋಟ ತೆಗೆದುಕೊಂಡರು. ಊದಿ ಊದಿ, ತಳ ಕಾಣುವವರೆಗೆ ಕುಡಿದರು.

"ಇನ್ನು ಸ್ವಲ್ಪ ಉಂಟಾ?" ಎಂದರು.